ಎಣಿಕೆ ಸಾಕು, ಬೆನ್ನು ಹತ್ತಿ: ಜಿಲ್ಲಾ ವರದಿಗಾರರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಜಿಲ್ಲಾ ವರದಿಗಾರ ಮಿತ್ರರಿಗೆ,



ಸಂಸತ್ತಿನ ಅಧಿವೇಶನ ಮುಗಿಯಿತೆಂದರೆ ನಿಮ್ಮ ಜಿಲ್ಲಾ ಪುಟಗಳಲ್ಲಿ ಒಂದು ಸುದ್ದಿ ತಪ್ಪದೇ ಬರುತ್ತದೆ. ನಮ್ಮ ಸಂಸದರ ಹಾಜರಾತಿ ಶೇಕಡಾ ಇಷ್ಟು, ಕೇಳಿದ ಪ್ರಶ್ನೆ ಇಷ್ಟು, ಭಾಗವಹಿಸಿದ ಚರ್ಚೆ ಇಷ್ಟು, ರಾಜ್ಯದ 28 ಮಂದಿಯಲ್ಲಿ ಇಷ್ಟನೇ ಸ್ಥಾನ. ಪಕ್ಕದಲ್ಲಿ ಸದನದಲ್ಲಿ ಎದ್ದು ನಿಂತು ಮಾತಾಡುತ್ತಿರುವ ಫೋಟೊ. ಅಂಕಿ ಚೆನ್ನಾಗಿದ್ದರೆ ಆ ಪ್ರೆಸ್‌ನೋಟ್ ಸಂಸದರ ಕಚೇರಿಯಿಂದ ಬಂದಿರುತ್ತದೆ, ಕಳಪೆಯಾಗಿದ್ದರೆ ಎದುರು ಪಕ್ಷದ ಕಚೇರಿಯಿಂದ. ಯಾವ ಕಚೇರಿಯಿಂದ ಬಂದರೂ ಓದುಗರಾದ ನಮಗೆ ಬೇಕಾದದ್ದು ಅದರಲ್ಲಿ ಇರುವುದಿಲ್ಲ. ಅವರು ಕೇಳಿದ್ದೇನು, ಸರ್ಕಾರ ಹೇಳಿದ್ದೇನು, ಆಮೇಲೆ ಏನಾಯಿತು?

ಈ ಪತ್ರ ದೆಹಲಿಯ ವರದಿಗಾರರಿಗೆ ಬರೆದದ್ದಲ್ಲ. ಅವರು 543 ಜನರ ಸದನವನ್ನು ನೋಡಬೇಕು. ನಿಮ್ಮ ತಾಲ್ಲೂಕಿನ ರೈಲ್ವೆ ಮೇಲ್ಸೇತುವೆಯ ಪ್ರಶ್ನೆಗೆ ಬಂದ ಉತ್ತರ ಅವರ ಕಣ್ಣಿಗೆ ಬೀಳುವುದಿಲ್ಲ, ಬಿದ್ದರೂ ಸುದ್ದಿಯಾಗುವುದಿಲ್ಲ. ಆ ಸೇತುವೆಯ ಕಂಬಗಳು ಎಷ್ಟು ಎದ್ದಿವೆ ಎಂದು ಗೊತ್ತಿರುವವರು ನೀವು. ಸದನದ ಮಾತನ್ನು ನೆಲದ ಮೇಲಿನ ಸ್ಥಿತಿಯ ಜೊತೆ ಇಟ್ಟು ನೋಡಬಲ್ಲವರು ನಿಮ್ಮನ್ನು ಬಿಟ್ಟರೆ ಇಲ್ಲ. ಅದಕ್ಕೇ ಈ ಒತ್ತಾಯ.

ಮೊದಲು ಅಂಕಿಗಳ ವಿಷಯ ಮುಗಿಸೋಣ. 2005ರಲ್ಲಿ ಶುರುವಾದ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆ ಪ್ರತಿ ಸಂಸದರ ಹಾಜರಾತಿ, ಪ್ರಶ್ನೆ, ಚರ್ಚೆ, ಖಾಸಗಿ ಮಸೂದೆಗಳ ಲೆಕ್ಕವನ್ನು ಸಾರ್ವಜನಿಕರ ಮುಂದಿಟ್ಟು ದೊಡ್ಡ ಉಪಕಾರ ಮಾಡಿದೆ. ತಪ್ಪು ಆ ಲೆಕ್ಕದಲ್ಲಿಲ್ಲ, ಅದರಿಂದ ನಾವು ತೆಗೆಯುವ ತೀರ್ಮಾನದಲ್ಲಿದೆ. ಸಂಸದರನ್ನು ಬರೀ ಎಣಿಕೆಯಿಂದ ಅಳೆಯುವುದೆಂದರೆ ರೈತ ಗದ್ದೆಗೆ ಎಷ್ಟು ಸಲ ಹೋಗಿಬಂದ ಎಂದು ಗುರುತು ಹಾಕಿಕೊಂಡು ಬೆಳೆಯ ಲೆಕ್ಕ ಬರೆದ ಹಾಗೆ.

ಹಾಜರಾತಿ ತೆಗೆದುಕೊಳ್ಳಿ. ಸದಸ್ಯರು ಆ ದಿನ ಬಂದು ಹಾಜರಿ ಹಾಕಿದರು ಎಂಬುದಷ್ಟೇ ಅದರಿಂದ ತಿಳಿಯುವುದು. ಒಳಗೆ ಎಷ್ಟು ಹೊತ್ತು ಕೂತಿದ್ದರು, ಯಾವ ಮಸೂದೆಗೆ ಕಿವಿಗೊಟ್ಟರು ಎಂಬುದು ತಿಳಿಯದು. ಸಚಿವರಾದವರು ಈ ಹಾಜರಿ ಹಾಕುವುದಿಲ್ಲ, ಪ್ರಶ್ನೆಯನ್ನೂ ಕೇಳುವುದಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಅವರ ಲೆಕ್ಕವೇ ಇರುವುದಿಲ್ಲ. ಕೇಂದ್ರ ಸಚಿವರ ಹೆಸರಿನ ಮುಂದೆ ಖಾಲಿ ಜಾಗ ಕಂಡು ಅದನ್ನು ಸೊನ್ನೆ ಎಂದು ಬರೆದುಬಿಡುವ ಅಪಾಯವಿದೆ. ಇನ್ನು ಶೇಕಡಾ ತೊಂಬತ್ತು ಎಂದರೆ ಎಷ್ಟು ದಿನದಲ್ಲಿ ತೊಂಬತ್ತು? 1952ರಿಂದ 57ರವರೆಗಿನ ಮೊದಲ ಲೋಕಸಭೆ 677 ದಿನ ಕೂತಿತ್ತು. 2019ರಿಂದ 24ರವರೆಗಿನ ಹದಿನೇಳನೇ ಲೋಕಸಭೆ ಕೂತದ್ದು 274 ದಿನ. ಅವಧಿ ಪೂರೈಸಿದ ಲೋಕಸಭೆಗಳಲ್ಲಿ ಇದಕ್ಕಿಂತ ಕಡಿಮೆ ಕೂತದ್ದು ಇನ್ನೊಂದಿಲ್ಲ. ಆ ಐದು ವರ್ಷಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮಸೂದೆಗಳು ಲೋಕಸಭೆಯಲ್ಲಿ ಒಂದು ಗಂಟೆಯ ಚರ್ಚೆಯೂ ಇಲ್ಲದೆ ಪಾಸಾದವು. ಬಾಗಿಲು ತೆರೆದದ್ದೇ ಕಡಿಮೆ ದಿನವಾದಾಗ ಹಾಜರಾತಿಯ ಶೇಕಡಾವಾರು ಹಿಡಿದು ಹಿಗ್ಗುವುದರಲ್ಲಿ ಅರ್ಥವಿಲ್ಲ.

ಪ್ರಶ್ನೆಗಳ ಎಣಿಕೆ ಇನ್ನೂ ಜಾರುವ ನೆಲ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ಚುಕ್ಕೆಯವಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಕೇಳಿದವರು ಉಪಪ್ರಶ್ನೆ ಹಾಕಬಹುದು. ಉಳಿದವಕ್ಕೆ ಲಿಖಿತ ಉತ್ತರ, ಅಲ್ಲಿಗೆ ಮುಗಿಯಿತು. ಯಾರ ಪ್ರಶ್ನೆಗೆ ಚುಕ್ಕೆಯ ಸ್ಥಾನ ಸಿಗಬೇಕೆಂಬುದನ್ನು ನಿರ್ಧರಿಸುವುದು ಲಾಟರಿ. ಒಂದೇ ವಿಷಯ ಕೇಳಿದ ಹಲವರ ಹೆಸರುಗಳನ್ನು ಒಂದೇ ಪ್ರಶ್ನೆಯ ಕೆಳಗೆ ಸೇರಿಸುವುದೂ ಉಂಟು. ಆಗ ಆ ಒಂದು ಉತ್ತರ ಎಲ್ಲರ ಲೆಕ್ಕಕ್ಕೂ ಜಮೆಯಾಗುತ್ತದೆ. ದೇಶದಲ್ಲಿ ಒಟ್ಟು ಎಷ್ಟು ಕೌಶಲ ಕೇಂದ್ರಗಳಿವೆ ಎಂಬ ಸಾಮಾನ್ಯ ಪ್ರಶ್ನೆಗೂ, ನಿಮ್ಮ ಜಿಲ್ಲೆಯ ಇಂಥ ಕೆರೆಗೆ ಮಂಜೂರಾದ ಹಣ ಯಾಕೆ ನಿಂತಿತು ಎಂಬ ಮೊನಚಾದ ಪ್ರಶ್ನೆಗೂ ಎಣಿಕೆಯಲ್ಲಿ ಒಂದೇ ಬೆಲೆ. ಚರ್ಚೆಯದೂ ಇದೇ ಕಥೆ. ಶೂನ್ಯವೇಳೆಯ ಒಂದು ನಿಮಿಷವೂ ಬಜೆಟ್ ಮೇಲಿನ ಅರ್ಧ ಗಂಟೆಯೂ ಒಂದೊಂದೇ.

ಎಣಿಸತೊಡಗಿದರೆ ಎಣಿಕೆಗೆಂದೇ ಮಾತಾಡುವವರು ಹುಟ್ಟಿಕೊಳ್ಳುತ್ತಾರೆ. ಬ್ರಿಟನ್‌ನಲ್ಲಿ 2004ರಲ್ಲಿ ಸಂಸದರ ಮಾತುಗಳ ಲೆಕ್ಕ ಇಡುವ ‘ದೇ ವರ್ಕ್ ಫಾರ್ ಯು’ ಜಾಲತಾಣ ಶುರುವಾಗಿ ಸ್ವಲ್ಪ ಕಾಲಕ್ಕೇ, ಕೆಲವು ಸದಸ್ಯರು ಅಂಕಿ ಏರಿಸಿಕೊಳ್ಳಲೆಂದೇ ಎದ್ದು ಒಂದೆರಡು ವಾಕ್ಯ ಹೇಳಿ ಕೂರುತ್ತಿದ್ದಾರೆಂಬ ದೂರು ಅಲ್ಲಿನ ಪತ್ರಿಕೆಗಳಲ್ಲಿ ಬಂತು. ನಮ್ಮಲ್ಲಿ ಪ್ರಶ್ನೆಯ ಆಟ ಅದಕ್ಕಿಂತ ಕೆಳಗಿಳಿದದ್ದೂ ಇದೆ. ದುಡ್ಡು ಪಡೆದು ಪ್ರಶ್ನೆ ಕೇಳಿದ ಪ್ರಕರಣದಲ್ಲಿ 2005ರ ಡಿಸೆಂಬರ್‌ನಲ್ಲಿ ಲೋಕಸಭೆಯ 10 ಮಂದಿ, ರಾಜ್ಯಸಭೆಯ ಒಬ್ಬರು ಸದಸ್ಯತ್ವ ಕಳೆದುಕೊಂಡರು. ರಹಸ್ಯ ಕ್ಯಾಮೆರಾ ಇಟ್ಟು ಅವರನ್ನು ಹಿಡಿದವರು ಪತ್ರಕರ್ತರು. ಬರೀ ಎಣಿಕೆಯ ಕಣ್ಣಲ್ಲಿ ನೋಡಿದ್ದರೆ ಆ ಪ್ರಶ್ನೆಗಳೂ ಸಂಸದರ ಸಾಧನೆಯೇ.

ಹಾಗಾದರೆ ನೋಡಬೇಕಾದದ್ದು ಏನನ್ನು?

ಕಡತವನ್ನು. ಲೋಕಸಭೆ, ರಾಜ್ಯಸಭೆಗಳ ಕಲಾಪದ ವರದಿ, ಪ್ರಶ್ನೋತ್ತರಗಳ ಪ್ರತಿ, ಸಮಿತಿ ವರದಿಗಳು ಈಗ ಮೊಬೈಲಿನಲ್ಲೇ ಓದಲು ಸಿಗುತ್ತವೆ. ಲೋಕಸಭೆಯ ಚರ್ಚೆಗಳಂತೂ 1952ರಿಂದಲೂ ಸಂಗ್ರಹದಲ್ಲಿವೆ. ಸಂಸದರ ಹೆಸರು ಹಾಕಿ ಹುಡುಕಿದರೆ ಅವರ ಪ್ರಶ್ನೆಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಓದುವಾಗ ಮಾತ್ರ ಕೆಲವು ಗುರುತುಗಳ ಮೇಲೆ ಕಣ್ಣಿಡಬೇಕು. ಭಾಷಣದ ಪಕ್ಕದ ನಕ್ಷತ್ರ ಚಿಹ್ನೆ, ಅದರ ಅಡಿಟಿಪ್ಪಣಿ ಬಹಳ ಹೇಳುತ್ತವೆ. ಭಾಷಣವನ್ನು ಮೇಜಿನ ಮೇಲೆ ಇಡಲಾಯಿತು ಎಂದಿದ್ದರೆ ಆ ಸದಸ್ಯರು ಬಾಯಿ ತೆರೆದಿಲ್ಲ, ಬರೆದು ತಂದದ್ದನ್ನು ಒಪ್ಪಿಸಿದ್ದಾರೆ. ಸಮಯ ಸಿಗದಾಗ ಹೀಗೆ ಮಾಡುವುದು ನಿಯಮಬದ್ಧವೇ. ಆದರೆ ‘ಸದನದಲ್ಲಿ ಗುಡುಗಿದರು’ ಎಂಬ ಹೆಡ್ಡಿಂಗಿಗೆ ಅದು ಒಗ್ಗದು. ಸಭಾಧ್ಯಕ್ಷರ ಆದೇಶದಂತೆ ತೆಗೆದುಹಾಕಲಾಗಿದೆ ಎಂದಿದ್ದರೆ ಅಲ್ಲಿ ಆಡಿದ ಮಾತು ಕಡತದಲ್ಲಿ ಇಲ್ಲ. ಎರಡು ಸಾಲಿಗೊಮ್ಮೆ ಅಡಚಣೆ ಎಂದು ಆವರಣದಲ್ಲಿ ಬರುತ್ತಿದ್ದರೆ ಆ ದಿನದ ಗದ್ದಲ ಎಷ್ಟಿತ್ತೆಂದು ಊಹಿಸಬಹುದು.

ಕನ್ನಡದಲ್ಲಿ ಮಾತಾಡಿದವರ ಭಾಷಣವೂ ಇಲ್ಲಿ ಅನುವಾದವಾಗಿ ಸಿಗುತ್ತದೆ. ಹಿಂದಿ, ಇಂಗ್ಲಿಷ್ ಬಾರದ ಸದಸ್ಯರು ತಾಯಿನುಡಿಯಲ್ಲಿ ಮಾತಾಡಲು ಸಂವಿಧಾನದ 120ನೇ ವಿಧಿ ಅವಕಾಶ ಕೊಟ್ಟಿದೆ. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿ ದಾರಿ ತೆರೆದರು. ಅದೇ ಸದನದಲ್ಲಿ ಕೆನರಾ ಕ್ಷೇತ್ರದಿಂದ ಚುಟುಕುಗಳ ದಿನಕರ ದೇಸಾಯಿಯವರೂ ಇದ್ದರು. ಈಗಿನ ಸಂಸದರ ಮಾತನ್ನು ತೂಗುವ ಮೊದಲು ಅದೇ ಕ್ಷೇತ್ರದಿಂದ ಹೋದ ಹಳಬರ ಮಾತನ್ನೂ ಒಮ್ಮೆ ತೆಗೆದು ಓದಿದರೆ ನಿಮ್ಮ ತಕ್ಕಡಿಗೆ ಇನ್ನೊಂದು ತಟ್ಟೆ ಸಿಗುತ್ತದೆ.

ಉತ್ತರಗಳನ್ನು ಓದುವಾಗ ಮೊದಲ ಪುಟದಲ್ಲಿ ನಿಲ್ಲಬೇಡಿ. ಪ್ರಶ್ನೆಯ ಎ-ಯಿಂದ ಇ-ವರೆಗಿನ ಭಾಗಗಳಿಗೆಲ್ಲ ಸೇರಿಸಿ ಒಂದೇ ಪ್ಯಾರಾದಲ್ಲಿ ಯೋಜನೆಯ ಉದ್ದೇಶ ವಿವರಿಸುವುದು ಸಚಿವಾಲಯಗಳ ಹಳೆಯ ಚಾಳಿ. ಹುರುಳು ಇರುವುದು ಬಹಳ ಸಲ ಕೊನೆಯ ಅನುಬಂಧದಲ್ಲಿ, ರಾಜ್ಯವಾರು, ಕೆಲವೊಮ್ಮೆ ಜಿಲ್ಲಾವಾರು ಪಟ್ಟಿಯಲ್ಲಿ. ಅಡಿಕೆ ಬೆಳೆಯುವ ಜಿಲ್ಲೆಗಳ ವರದಿಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆಯ ಕನಿಷ್ಠ ಆಮದು ದರ 2023ರ ಫೆಬ್ರುವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿತು. ಅದರ ಹಿಂದೆ ಮುಂದೆ ಯಾವ ದೇಶದಿಂದ ಎಷ್ಟು ಟನ್ ಒಳಬಂತು ಎಂಬುದನ್ನು ಕೇಳಿದ ಪ್ರಶ್ನೆಗೂ, ಅಡಿಕೆ ಬೆಳೆಗಾರರ ಹಿತ ಕಾಯಬೇಕು ಎಂದು ಒಂದು ನಿಮಿಷ ಕೂಗಿದ ಮಾತಿಗೂ ಇರುವ ದೂರವನ್ನು ಓದುಗರಿಗೆ ತೋರಿಸಿಕೊಡಬೇಕಾದವರು ನೀವು.

ಒಮ್ಮೊಮ್ಮೆ ಉತ್ತರ ಇಲ್ಲದಿರುವುದೇ ದೊಡ್ಡ ಸುದ್ದಿ. 2020ರ ಸೆಪ್ಟೆಂಬರ್‌ನಲ್ಲಿ ಕೊರೊನಾ ಕಾರಣಕ್ಕೆ ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟು ಅಧಿವೇಶನ ನಡೆಯಿತು. ಲಿಖಿತ ಉತ್ತರಗಳು ಮಾತ್ರ ಉಳಿದಿದ್ದವು. ಲಾಕ್‌ಡೌನ್‌ನಲ್ಲಿ ಊರಿಗೆ ಹೊರಟ ವಲಸೆ ಕಾರ್ಮಿಕರಲ್ಲಿ ಸತ್ತವರೆಷ್ಟು ಎಂದು ಕೇಳಿದ್ದಕ್ಕೆ ಕಾರ್ಮಿಕ ಸಚಿವಾಲಯ ಅಂಥ ಮಾಹಿತಿ ಇಟ್ಟಿಲ್ಲ ಎಂದು ಬರೆದುಕೊಟ್ಟಿತು. ಯಾರೂ ಭಾಷಣ ಮಾಡಿರಲಿಲ್ಲ, ವಿಡಿಯೊ ತುಣುಕೂ ಇರಲಿಲ್ಲ. ಆದರೂ ದೇಶದಾದ್ಯಂತ ಮುಖಪುಟದ ಸುದ್ದಿಯಾಯಿತು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಸಂಸದರ ಕೆಲಸವನ್ನು ಅಳೆಯಬೇಕಾದದ್ದು ಉತ್ತರ ಬಂದ ದಿನದ ನಂತರ.

ಸಚಿವರು ಸದನದಲ್ಲಿ ‘ಪರಿಶೀಲಿಸುತ್ತೇವೆ’, ‘ವಿಷಯ ಪರಿಗಣನೆಯಲ್ಲಿದೆ’, ‘ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು’ ಎಂದು ಹೇಳಿದರೆ ಅದು ಗಾಳಿಗೆ ಬಿಟ್ಟ ಮಾತಲ್ಲ, ಭರವಸೆ ಎಂದು ದಾಖಲಾಗುತ್ತದೆ. ಇಂಥವುಗಳ ಬೆನ್ನು ಹತ್ತಲೆಂದೇ ಲೋಕಸಭೆಯಲ್ಲಿ 1953ರಿಂದ ಸರ್ಕಾರದ ಭರವಸೆಗಳ ಸಮಿತಿ ಇದೆ. ಮೂರು ತಿಂಗಳೊಳಗೆ ಭರವಸೆ ಈಡೇರಿಸಬೇಕು, ಆಗದಿದ್ದರೆ ಸಚಿವಾಲಯ ಇನ್ನಷ್ಟು ಸಮಯ ಕೇಳಬೇಕು, ಇಲ್ಲವೇ ಭರವಸೆಯನ್ನು ಕೈಬಿಡಲು ಸಮಿತಿಯ ಒಪ್ಪಿಗೆ ಪಡೆಯಬೇಕು. ಈ ಸಮಿತಿಯ ವರದಿಗಳಲ್ಲಿ ವರ್ಷಗಟ್ಟಲೆ ಬಾಕಿ ಬಿದ್ದ ಭರವಸೆಗಳ ಸಾಲೇ ಇರುತ್ತದೆ. ಅದರಲ್ಲಿ ನಿಮ್ಮ ಜಿಲ್ಲೆಯದು ಎಷ್ಟಿದೆ? ನನಗೆ ತಿಳಿದಂತೆ ಇದನ್ನು ಹುಡುಕಿ ಬರೆದ ಜಿಲ್ಲಾ ಪುಟ ಅಪರೂಪ.

ಇನ್ನೊಂದು ದಾರಿಯೂ ಇದೆ. ನಿಯಮ 377ರಡಿ ಲೋಕಸಭೆಯಲ್ಲಿ ದಿನಕ್ಕೆ 20 ವಿಷಯಗಳನ್ನು ಎತ್ತಬಹುದು. ಪಠ್ಯ 250 ಪದ ಮೀರುವಂತಿಲ್ಲ. ನಮ್ಮ ಸಂಸದರು ಊರಿನ ಬೇಡಿಕೆಗಳನ್ನು, ಒಂದು ರೈಲು ನಿಲುಗಡೆ, ಒಂದು ಇಎಸ್‌ಐ ಆಸ್ಪತ್ರೆ, ಒಂದು ಕೇಂದ್ರೀಯ ವಿದ್ಯಾಲಯ, ಹೆಚ್ಚಾಗಿ ಇಲ್ಲೇ ಮಂಡಿಸುತ್ತಾರೆ. ಮರುದಿನ ಅದು ‘ಸಂಸತ್ತಿನಲ್ಲಿ ಪ್ರಸ್ತಾಪ’ ಎಂದು ನಿಮ್ಮಲ್ಲಿ ಅಚ್ಚಾಗುತ್ತದೆ. ಅದಕ್ಕೆ ಸಚಿವಾಲಯ ಕೊಡುವ ಉತ್ತರ ಸಂಸದರ ವಿಳಾಸಕ್ಕೆ ಕಾಗದವಾಗಿ ಹೋಗುತ್ತದೆ. ಆ ಕಾಗದ ತೋರಿಸಿ ಎಂದು ಕೇಳಿ. ಬಂದಿದ್ದರೆ ಅದರಲ್ಲಿರುವುದು ಸುದ್ದಿ, ಬಂದಿಲ್ಲವೆಂದರೆ ಅದೂ ಸುದ್ದಿ. ಬಂದದ್ದನ್ನು ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರೆ ಅದು ಇನ್ನೂ ದೊಡ್ಡ ಸುದ್ದಿ.

ಚಿತ್ರದುರ್ಗ, ತುಮಕೂರು, ದಾವಣಗೆರೆ, ಚಿಕ್ಕಮಗಳೂರು ಜಿಲ್ಲೆಗಳ ಮಿತ್ರರ ಕೈಯಲ್ಲಿ ಇದಕ್ಕೆ ತಕ್ಕ ವಿಷಯವೇ ಇದೆ. 2023ರ ಫೆಬ್ರುವರಿ 1ರಂದು ಕೇಂದ್ರ ಬಜೆಟ್ ಭಾಷಣದಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಹಣ ಕೈಸೇರಿಲ್ಲ ಎಂದು ರಾಜ್ಯ ಸರ್ಕಾರ ಮತ್ತೆ ಮತ್ತೆ ಹೇಳುತ್ತ ಬಂದಿದೆ. ದೆಹಲಿಯಿಂದ ಬಂದ ಸಮಜಾಯಿಷಿಯೂ ಕಡತದಲ್ಲಿದೆ. ಈ ಯೋಜನೆಯ ಬಗ್ಗೆ ಆ ದಿನದಿಂದ ಎರಡೂ ಸದನಗಳಲ್ಲಿ ಯಾರು ಯಾವಾಗ ಏನು ಕೇಳಿದರು, ಪ್ರತಿ ಸಲ ಉತ್ತರದ ಒಕ್ಕಣೆ ಹೇಗೆ ಬದಲಾಯಿತು ಎಂದು ದಿನಾಂಕದ ಸಮೇತ ಒಂದು ಪುಟದಲ್ಲಿ ಅಕ್ಕಪಕ್ಕ ಇಟ್ಟು ಅಚ್ಚು ಮಾಡಿ ನೋಡಿ. ಯಾವ ಪಕ್ಷದ ಪರವಾಗಿಯೂ ಒಂದು ವಿಶೇಷಣ ಸೇರಿಸಬೇಕಿಲ್ಲ. ದಿನಾಂಕಗಳೇ ಎಲ್ಲವನ್ನೂ ಹೇಳುತ್ತವೆ.

ಬೆನ್ನು ಹತ್ತಿದ ಮಾತಿಗೆ ಎಷ್ಟು ಬಲ ಬರುತ್ತದೆಂದು ತಿಳಿಯಲು ಸಂಸದ ಫಿರೋಜ್ ಗಾಂಧಿಯವರನ್ನು ನೆನೆಯಬೇಕು. ಎಲ್‌ಐಸಿ ಹಣ ಉದ್ಯಮಿ ಹರಿದಾಸ್ ಮುಂದ್ರಾ ಅವರ ಕಂಪನಿಗಳಿಗೆ ಹೋದ ಬಗ್ಗೆ 1957ರ ಸೆಪ್ಟೆಂಬರ್‌ನಲ್ಲೇ ಲೋಕಸಭೆಯಲ್ಲಿ ಪ್ರಶ್ನೆ ಎದ್ದಿತ್ತು, ಹಾರಿಕೆಯ ಉತ್ತರ ಬಂದಿತ್ತು. ಫಿರೋಜ್ ಗಾಂಧಿ ಆ ಉತ್ತರವನ್ನು ಅಲ್ಲಿಗೇ ಬಿಡಲಿಲ್ಲ. ಆಳುವ ಪಕ್ಷದವರೇ ಆಗಿದ್ದರೂ ಡಿಸೆಂಬರ್ 16ರಂದು ದಾಖಲೆಗಳ ಸಮೇತ ಸದನಕ್ಕೆ ಬಂದು ಒಂದೂಕಾಲು ಕೋಟಿಯಷ್ಟು ಹಣದ ಜಾಡನ್ನು ಬಿಡಿಸಿಟ್ಟರು. ತನಿಖೆಗೆ ಛಾಗ್ಲಾ ಆಯೋಗ ನೇಮಕವಾಯಿತು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಇಂದಿನ ಎಣಿಕೆಯ ಪಟ್ಟಿಯಲ್ಲಿ ಆ ಭಾಷಣಕ್ಕೆ ಸಿಗುವ ಅಂಕ: ಚರ್ಚೆ, ಒಂದು.

ಅದೇ ಫಿರೋಜ್ ಗಾಂಧಿಯವರಿಗೆ ನೀವು ವೃತ್ತಿಯ ಲೆಕ್ಕದಲ್ಲೂ ಋಣಿಗಳು. ಸದನದಲ್ಲಿ ಆಡಿದ ಮಾತಿಗೆ ಸಂಸದರಿಗೆ ಸಂವಿಧಾನದ 105ನೇ ವಿಧಿಯ ರಕ್ಷಣೆ ಇತ್ತು, ಅದನ್ನು ವರದಿ ಮಾಡಿದ ಪತ್ರಿಕೆಗೆ ಅಂಥ ರಕ್ಷಣೆ ಇರಲಿಲ್ಲ. ಖಾಸಗಿ ಸದಸ್ಯರಾಗಿ ಅವರು ತಂದ ಮಸೂದೆ 1956ರಲ್ಲಿ ಕಾಯ್ದೆಯಾಗಿ, ದುರುದ್ದೇಶವಿಲ್ಲದೆ ಬರೆದ ಸತ್ಯವಾದ ಕಲಾಪ ವರದಿಗೆ ಕೋರ್ಟಿನಿಂದ ರಕ್ಷಣೆ ಸಿಕ್ಕಿತು. ಇಲ್ಲಿಯವರೆಗೆ ಕಾಯ್ದೆಯಾದ ಖಾಸಗಿ ಮಸೂದೆಗಳು ಕೇವಲ 14, ಕೊನೆಯದು 1970ರಲ್ಲಿ. ಆ ಹದಿನಾಲ್ಕರಲ್ಲಿ ಒಂದು ನಿಮ್ಮ ಪಾಲಿನದು. ತುರ್ತುಪರಿಸ್ಥಿತಿಯಲ್ಲಿ ಇದನ್ನು ರದ್ದು ಮಾಡಿದರು, 1977ರಲ್ಲಿ ಮತ್ತೆ ತಂದರು, 1978ರ 44ನೇ ತಿದ್ದುಪಡಿ ಅದನ್ನು 361ಎ ವಿಧಿಯಾಗಿ ಸಂವಿಧಾನಕ್ಕೇ ಸೇರಿಸಿತು. ಕಡತದಿಂದ ತೆಗೆದ ಮಾತನ್ನು ಅಚ್ಚು ಹಾಕುವಾಗ ಮಾತ್ರ ಎಚ್ಚರ ಬೇಕು. ಬಿಹಾರ ವಿಧಾನಸಭೆಯಲ್ಲಿ ಹಾಗೆ ತೆಗೆದ ಮಾತುಗಳನ್ನು ಪ್ರಕಟಿಸಿ ಪಟ್ನಾದ ‘ಸರ್ಚ್‌ಲೈಟ್’ ಪತ್ರಿಕೆಯ ಸಂಪಾದಕರು 1958ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ಸೋತರು. ಇಷ್ಟು ಗೊತ್ತಿದ್ದರೆ ಉಳಿದುದನ್ನು ಧೈರ್ಯವಾಗಿ ಬರೆಯಬಹುದು.

ಸಂಸದರಿಗೆ ಅನ್ಯಾಯವಾಗಬಾರದು ಎಂಬುದನ್ನೂ ಹೇಳಬೇಕು. ಮಾತಾಡದವರೆಲ್ಲ ಸೋಮಾರಿಗಳಲ್ಲ. ಚರ್ಚೆಯ ಸಮಯ ಪಕ್ಷಗಳ ಬಲಕ್ಕೆ ತಕ್ಕಂತೆ ಹಂಚಿಕೆಯಾಗುತ್ತದೆ. ದೊಡ್ಡ ಪಕ್ಷದಲ್ಲಿ ಯಾರು ಮಾತಾಡಬೇಕೆಂದು ಮುಖಂಡರು ತೀರ್ಮಾನಿಸುತ್ತಾರೆ, ಚಿಕ್ಕ ಪಕ್ಷದವರಿಗೆ ಎರಡು ಮೂರು ನಿಮಿಷಕ್ಕೇ ಗಂಟೆ ಬಾರಿಸುತ್ತದೆ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಅಷ್ಟರ ಮೇಲೆ ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲಿ ಪಾಸಾಗುವುದರಿಂದ ನಿಮ್ಮ ಸಂಸದರು ಹೌದೆಂದರೋ ಇಲ್ಲವೆಂದರೋ ಕಡತದಲ್ಲಿ ಹುಡುಕಿದರೂ ಸಿಗದು. ವಿಭಜನೆ ಕೇಳಿ ಮತ ಹಾಕಿದಾಗ ಮಾತ್ರ ಹೆಸರು ದಾಖಲಾಗುತ್ತದೆ. ಇಲಾಖಾವಾರು 24 ಸ್ಥಾಯಿ ಸಮಿತಿಗಳ ಕೆಲಸ ಮುಚ್ಚಿದ ಬಾಗಿಲೊಳಗೆ ನಡೆಯುತ್ತದೆ. ಸದನದಲ್ಲಿ ಮೌನಿಯಾದವರು ಅಲ್ಲಿ ಅಧಿಕಾರಿಗಳ ಬೆವರಿಳಿಸುತ್ತಿರಬಹುದು. ಸಮಿತಿ ವರದಿಯ ಕೊನೆಯಲ್ಲಿ ಸಭೆಗಳ ನಡಾವಳಿ ಇರುತ್ತದೆ. ಯಾವ ಸಭೆಗೆ ಬಂದಿದ್ದರು, ಭಿನ್ನಾಭಿಪ್ರಾಯ ಬರೆದಿದ್ದರೇ ಎಂಬುದನ್ನು ಅಲ್ಲಿ ನೋಡಬಹುದು. ಇದನ್ನೆಲ್ಲ ನೋಡಿದ ಮೇಲೂ ಸಂಸದರ ಕೈ ಖಾಲಿ ಎನಿಸಿದರೆ ಹಾಗೆಯೇ ಬರೆಯಿರಿ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಬೆಳಿಗ್ಗೆ ಅಪಘಾತ, ಮಧ್ಯಾಹ್ನ ಪ್ರತಿಭಟನೆ, ಸಂಜೆ ಮಠದ ಕಾರ್ಯಕ್ರಮ, ಅದರ ನಡುವೆ ಜಾಹೀರಾತಿನ ಟಾರ್ಗೆಟ್. ಸ್ಟ್ರಿಂಗರ್ ಆದರೆ ಸುದ್ದಿಗಿಷ್ಟು ಎಂಬ ಪುಡಿಗಾಸು. ಇಪ್ಪತ್ತು ಪುಟದ ಇಂಗ್ಲಿಷ್ ಕಡತ ಓದಿ ಎಂದರೆ ಸಿಟ್ಟು ಬರುವುದು ಸಹಜ. ಅದಕ್ಕೆ ಎಲ್ಲವನ್ನೂ ಓದಿ ಎಂದು ಕೇಳುತ್ತಿಲ್ಲ. ಜಿಲ್ಲಾ ಕೇಂದ್ರದಲ್ಲಿರುವ ನೀವು ನಾಲ್ಕಾರು ಮಂದಿ, ಬೇರೆ ಬೇರೆ ಪತ್ರಿಕೆಯವರಾದರೂ ಸರಿ, ಕೆಲಸ ಹಂಚಿಕೊಳ್ಳಬಹುದು. ಊರಿನ ಕಾಲೇಜಿನ ರಾಜ್ಯಶಾಸ್ತ್ರ, ಪತ್ರಿಕೋದ್ಯಮ ವಿಭಾಗದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಸಿಗದು.

ಕೇಳುವ ಜಾಗವೂ ನಿಮ್ಮೂರಿನಲ್ಲೇ ಇದೆ. ಕೇಂದ್ರದ ಯೋಜನೆಗಳ ಪ್ರಗತಿ ನೋಡುವ ದಿಶಾ ಸಮಿತಿಗೆ ಸಂಸದರೇ ಅಧ್ಯಕ್ಷರು, ಸಭೆ ನಡೆಯುವುದು ಜಿಲ್ಲೆಯಲ್ಲೇ. ಅಲ್ಲಿ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡರು ಎಂಬ ಸುದ್ದಿ ನಾವು ಸಾಕಷ್ಟು ಓದಿದ್ದೇವೆ. ಮುಂದಿನ ಸಭೆಗೆ ಹೋಗುವಾಗ ಸದನದಲ್ಲಿ ಅವರಿಗೆ ಸಿಕ್ಕ ಲಿಖಿತ ಉತ್ತರದ ಪ್ರತಿಯನ್ನು ಜೊತೆಗೆ ಒಯ್ಯಿರಿ. ದೆಹಲಿಯ ಸಚಿವಾಲಯ ಮುಗಿದಿದೆ ಎಂದ ಕಾಮಗಾರಿ ಜಿಲ್ಲಾ ಎಂಜಿನಿಯರ್ ಕಡತದಲ್ಲಿ ಇನ್ನೂ ಟೆಂಡರ್ ಹಂತದಲ್ಲಿದ್ದರೆ ಆ ಎರಡು ಕಾಗದಗಳನ್ನು ಸಂಸದರ ಮುಂದಿಟ್ಟು ಯಾವುದು ನಿಜ ಎಂದು ಕೇಳಿ.

ಬೇಡಿಕೆ ಇಷ್ಟೇ. ಬರುವ ಅಧಿವೇಶನದಲ್ಲಿ ನಿಮ್ಮ ಸಂಸದರು ಜಿಲ್ಲೆಯ ಬಗ್ಗೆ ಕೇಳಿದ ಒಂದೇ ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಿ. ಪ್ರಶ್ನೆ, ಉತ್ತರ ಎರಡನ್ನೂ ಕನ್ನಡದಲ್ಲಿ, ಸಂಖ್ಯೆ ಮತ್ತು ದಿನಾಂಕದೊಂದಿಗೆ ಅಚ್ಚು ಮಾಡಿ. ಮೂರು ತಿಂಗಳಾದ ಮೇಲೆ ಸ್ಥಳಕ್ಕೆ ಹೋಗಿ ಬಂದು ಅದೇ ಜಾಗದಲ್ಲಿ ಮುಂದುವರಿದ ವರದಿ ಹಾಕಿ. ಆರು ತಿಂಗಳಿಗೆ ಮತ್ತೊಮ್ಮೆ. ಜಿಲ್ಲೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿಲ್ಲವಾದರೆ ಆ ಜಾಗದಲ್ಲಿ ಅಷ್ಟನ್ನೇ ಬರೆಯಿರಿ. ರಾಜ್ಯಸಭೆಗೆ ಕರ್ನಾಟಕದಿಂದ ಹೋದ 12 ಮಂದಿಯನ್ನೂ ಬಿಡಬೇಡಿ. ಅವರಿಗೆ ಕ್ಷೇತ್ರವಿಲ್ಲ ಎಂಬ ಕಾರಣಕ್ಕೆ ಯಾವ ಜಿಲ್ಲಾ ಪುಟವೂ ಅವರನ್ನು ಕೇಳುತ್ತಿಲ್ಲ.

ಇದನ್ನು ಯಾರು ಓದುತ್ತಾರೆ ಎಂದು ನಿಮ್ಮ ಡೆಸ್ಕಿನವರು ಕೇಳಿಯಾರು. ನಾವು ಓದುತ್ತೇವೆ. ಬಾಕಿ ಬಿದ್ದ ರಸ್ತೆ, ನಿಂತ ಕಾಲುವೆ, ಬಾರದ ರೈಲು ನಮ್ಮವು. ಅವುಗಳ ಬಗ್ಗೆ ದೆಹಲಿಯಲ್ಲಿ ಕೊಟ್ಟ ಮಾತು ಏನಾಯಿತೆಂದು ತಿಳಿಯುವ ಹಕ್ಕಿಗೆ ನಾವು ಚಂದಾ ಕಟ್ಟುತ್ತಿದ್ದೇವೆ. ಐದು ವರ್ಷಕ್ಕೊಮ್ಮೆ ಮತ ಕೇಳಲು ಬಂದವರ ಮುಂದೆ ಇಡಲು ನಮಗೆ ಬೇಕಾದದ್ದು ಆ ಹತ್ತು ಹದಿನೈದು ಕತ್ತರಿಸಿಟ್ಟ ವರದಿಗಳು. ಅವನ್ನು ಬರೆದು ಕೊಡಿ, ಉಳಿದ ಪ್ರಶ್ನೆ ನಾವು ಕೇಳಿಕೊಳ್ಳುತ್ತೇವೆ.

ಇಂತಿ,
ನಿಮ್ಮ ಜಿಲ್ಲಾ ಪುಟದ ನಿತ್ಯ ಓದುಗ